ನೀ.ಗಂ.

ಆರು ಡಬ್ಬಿ ಮಧ್ಯಾಹ್ನದೊಳಗೇ ಸಿಕ್ಕಿದವು.
ಹೊಂಗೆಯ ಪೊಟರೆಯದು, ಮೈಲಿಗಲ್ಲಿನ ಬುಡದ್ದು,
ಅಯ್ಯನಕೆರೆ ಏರಿಯ ಪಕ್ಕ
ಕೆಟ್ಟ ಪಂಪ್‌ಹೌಸಿನ ಕಿಟಕಿಯದು,
ಎಲ್ಲ ನಾನೇ ನಿನ್ನೆ ಸಂಜೆ
ಟಾರ್ಚು ಹಿಡಿದು, ಕಳ್ಳಿಯ ಹಾಗೆ
ಬಚ್ಚಿಟ್ಟು ಬಂದದ್ದು.

ಏಳನೆಯದು ಹೋದ ವರ್ಷದ್ದು.
ಶಿಬಿರ ಮುಗಿದ ದಿನ ಬಸ್ಸಿಗೆ ಹೊತ್ತಾಗಿ
ತೆಗೆಯದೆ ಬಿಟ್ಟದ್ದು.
ಅಂಕಿ ಮಾತ್ರ ನನ್ನ ಡೈರಿಯಲ್ಲಿತ್ತು:
ಹದಿಮೂರು ಡಿಗ್ರಿ ಉತ್ತರ, ಎಪ್ಪತ್ತೈದು ಪೂರ್ವ,
ಆಮೇಲೆ ಚುಕ್ಕೆ, ಚುಕ್ಕೆಯ ಹಿಂದೆ
ಇರುವೆ ಸಾಲು.
ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ
ಅಂತ ಕಣಗಿಲೆ ಪೆಟ್ರೋಲಿಗೆ ಕೊಟ್ಟೆ:
ಜೋವಿಟಾ, ಮುಬೀನಾ, ಇಬ್ಬರು ಸಿಂಚನಾ,
ಸಾಲಿನಲ್ಲಿ ಎಂದೂ ನಿಲ್ಲದ ಪೃಥೆ.

ಫೋನು ಒಂದೇ, ಅದೂ ನನ್ನದು.
ಬಾಣದ ಗುರುತು ನೀರಿನೊಳಕ್ಕೇ ನಡೆ ಅಂತು,
ಹತ್ತು ಹೆಜ್ಜೆ ಹಿಂದೆ ಬಾ ಅಂತು,
ಕಡೆಗೆ ನಿಂತಲ್ಲೇ ತಿರುಗಿತು, ಗಾಣದೆತ್ತು.
"ಇದಕ್ಕೇ ಗೊತ್ತಿಲ್ಲ ಮಿಸ್" ಅಂದ ಪೃಥೆ
ಬಗ್ಗಿ ನೋಡಿದಳು.
ತೂಬಿನ ಕಲ್ಲುಕಂಬದ ಸಂದಿಯಲ್ಲಿ
ಪಾಚಿ ಹತ್ತದ ಒಂದೇ ಒಂದು ಕಲ್ಲು.
ದಿನಾ ಯಾರೋ ಎತ್ತಿಡುವ ಕಲ್ಲು.

ಡಬ್ಬಿ ಇತ್ತು.
ನಾವಿಟ್ಟ ಬಳಪ, ಗೋಲಿ, ಕೀಚೈನು ಇದ್ದವು,
ಸೀಟಿ ಇರಲಿಲ್ಲ.
ಸೀಟಿಯ ಜಾಗದಲ್ಲಿ ಒಂದು ಗಾಳದ ಕೊಕ್ಕೆ,
ಚುಚ್ಚದಿರಲಿ ಅಂತ ಅದರ ಮೊನೆಗೆ
ಜೋಳದ ಬೆಂಡು.
'ಒಂದು ತಗೊಂಡರೆ ಒಂದು ಇಡಿ'
ಅಂತ ಮುಚ್ಚಳದ ಮೇಲೆ ನಾನೇ ಬರೆದಿದ್ದೆ.

ನೋಟ್‌ಬುಕ್ಕು ಹಪ್ಪಳದ ಹಾಗೆ ಉಬ್ಬಿ
ಕೊನೆಯ ಹಾಳೆವರೆಗೂ ತುಂಬಿತ್ತು.

೧೪. ನೀರು ಒಂಬತ್ತು ಮೆಟ್ಲು. ನೀ.ಗಂ.
೧೫. ಒಂಬತ್ತು. ಗಾಳಿ ಜಾಸ್ತಿ. ನೀ.ಗಂ.
೧೯. ಎಂಟೂವರೆ. ತೂಬು ಎತ್ತಿದೆ. ಕೆಳಗದ್ದೆಯೋರ ಜಗಳ. ನೀ.ಗಂ.
೨೨. ಎಂಟು. ನೀರುನಾಯಿ ಮರಿ ಮೂರು. ನೀ.ಗಂ.
೨೩. ಜ್ವರ. ಬರಲಿಲ್ಲ. ನೀ.ಗಂ.

"ಯೂಸರ್‌ನೇಮ್ ಮಿಸ್" ಅಂದಳು ಜೋವಿಟಾ, ಬಲು ಗಂಭೀರ.
"ನೀಲಿ ಗಂಡಭೇರುಂಡ!"
"ನೀರಜಾ ಗಂಗಾಧರ್, ನಮ್ಮ ಮ್ಯಾಥ್ಸ್ ಮಿಸ್ಸು!"
ನಕ್ಕು ನಕ್ಕು ಏರಿಯ ಹುಲ್ಲಿನ ಮೇಲೆ ಹೊರಳಿದರು.
ನಾನೂ ನಕ್ಕೆ.
ನನಗೂ ಹೊಳೆದಿರಲಿಲ್ಲ, ನಿಜ.

ಕ್ಯಾಂಪ್‌ಫೈರಿಗೆ ಸೌದೆ ಒಟ್ಟುವಾಗ
ಏರಿಯ ಆ ತುದಿಯಿಂದ ಸೀಟಿ ಕೇಳಿತು.
ನಮ್ಮದೇ ಸೀಟಿ. ಆದರೆ ನಮ್ಮ ಸಂಜ್ಞೆಯಲ್ಲ,
ದನ ಕರೆಯುವ ಹಾಗೆ, ಉದ್ದಕ್ಕೆ.
ಕೊರಳಲ್ಲಿ ಅದು, ಹೆಗಲಲ್ಲಿ ಟವೆಲ್ಲು,
ಮೊಣಕಾಲಿನವರೆಗೆ ಕೆಸರು.
ಟೆಂಟು, ಬಾವುಟ, ಹಗ್ಗದ ಸೇತುವೆ
ಯಾವುದನ್ನೂ ನೋಡದೆ ಕೇಳಿದ:
"ನನ್ ಬುಕ್ಕು ಯಾರ್ ತಗಂಡ್ರಿ?"

ನೀರುಗಂಟಿ.
ಪದ ಆಗ ಬಾಯಿಗೆ ಬಂತು, ತಡವಾಗಿ,
ಕೆರೆಗೆ ಎಸೆದ ಕಲ್ಲು ತಳ ಮುಟ್ಟುವ ಹಾಗೆ.

"ಕೊಟ್ಟಿದ್ ಬುಕ್ಕು ಮುಗ್ದು ಎರಡ್ ವರ್ಸ.
ಕೇಳಿದ್ರೆ ಬರ್ತದೆ ಅಂತಾರೆ.
ಇದು ತೂಬಲ್ಲೇ ಸಿಕ್ತು.
ನಂಗೇ ಇಟ್ಟವ್ರೆ ಅನ್ಕಂಡೆ."

ಯಾರೂ ಅಲ್ಲ ಅನ್ನಲಿಲ್ಲ.

ಮುಬೀನಾ ತನ್ನ ಬ್ಯಾಗಿನಿಂದ
ಇನ್ನೂರು ಪುಟದ್ದೊಂದು ತೆಗೆದಳು.
ಮೊದಲ ಹಾಳೆಯಲ್ಲಿ ಅವಳು ಬರೆದ ಗಂಟುಗಳ ಚಿತ್ರ.
ಹರಿಯಲು ಹೋದರೆ ಕೈ ಅಡ್ಡ ಹಿಡಿದ:
"ಇರ್ಲಿ ಬುಡವ್ವ. ಈ ಗಂಟೆಲ್ಲ ಗೊತ್ತು ನಂಗೆ."

ಹೊರಟಾಗ ಐದೂ ಹುಡುಗಿಯರು
ಎಡಗೈ ಚಾಚಿದರು, ದಳದ ಪದ್ಧತಿ.
ಅವನು ತನ್ನ ಎಡಗೈ ನೋಡಿಕೊಂಡ,
ಪಂಚೆಗೆ ಒರೆಸಿದ, ಬೆನ್ನ ಹಿಂದಕ್ಕೆ ಒಯ್ದ.
"ಎಡಗೈ ಕೊಡ್ತಾರೇನ್ರವ್ವಾ ಯಾರಾರೂ"
ಅಂದು ನಗುತ್ತ ಏರಿ ಹತ್ತಿದ.

ಡೈರಿಯಲ್ಲಿ ಆ ಇರುವೆ ಸಾಲಿನ ಎದುರು
'ಸಿಕ್ಕಿದೆ' ಅಂತ ಗುರುತು ಹಾಕಬೇಕಿತ್ತು.
ಆರಕ್ಕೇ ನಿಲ್ಲಿಸಿದೆ.

ಬೆಳಿಗ್ಗೆ, ಸೀಟಿ ಊದುವ ಮುಂಚೆ,
ಶಕುನಗಿರಿಯ ತಲೆ ಇನ್ನೂ ಮಂಜಿನಲ್ಲಿ.
ಪೃಥೆ ಒಬ್ಬಳೇ ತೂಬಿನ ಮೆಟ್ಟಿಲು ಎಣಿಸುತ್ತಿದ್ದಳು.
ಏಳೋ, ಏಳೂವರೆಯೋ,
ಅವಳಿಗೂ ನೀರಿಗೂ
ಇನ್ನೂ ತೀರ್ಮಾನವಾಗಿರಲಿಲ್ಲ.