ತಾಯತ

ನಮ್ಮ ಬಡಾವಣೆಗೆ ಇನ್ನೂ ಖಾತೆ ಆಗಿಲ್ಲ.
ಕಾವೇರಿ ನೀರು ಬಂದಿಲ್ಲ, ಮೋರಿ ಅರ್ಧಕ್ಕೇ ನಿಂತಿದೆ.
ಬನ್ನೇರುಘಟ್ಟದ ಕಾಡು ಮಾತ್ರ
ಕೊನೆಯ ಸೈಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತಿದೆ.
ಹಳೆಯ ಕ್ವಾರಿ, ಬಂಡೆ, ಲಂಟಾನ;
ಅದರಾಚೆಯಿಂದ ಬರುತ್ತಾನೆ.

ಹೆಸರು ಹಿಡಿದು ಕರೆಯುವುದಿಲ್ಲ ಇಲ್ಲಿ.
"ಬಂದಿದ್ನಂತೆ ರಾತ್ರಿ" ಅನ್ನುತ್ತಾರೆ,
ಬಾಡಿಗೆ ಕೇಳಲು ಬಂದ ಓನರ್ ಬಗ್ಗೆ ಹೇಳಿದ ಹಾಗೆ.
ನಾಲ್ಕನೇ ಮನೆಯ ಪುಟ್ಟಗೌರಮ್ಮ
ಹಲಸು ಬಿಡಿಸಿದ ದಿನ
ಸಿಪ್ಪೆಯನ್ನು ಮೂರು ಕವರಿನೊಳಗೆ ಕಟ್ಟಿ
ಫ್ರಿಜ್ಜಿನಲ್ಲಿಡುತ್ತಾಳೆ, ಕಸದ ಗಾಡಿ ಬರುವವರೆಗೆ.
ಹಾಲಿನ ಹುಡುಗ ತಿರುವಿನಲ್ಲಿ ಹಾರ್ನ್ ಹೊಡೆದು, ಕೆಮ್ಮಿ,
ಸ್ವಲ್ಪ ಕಾದು ಒಳಗೆ ಬರುತ್ತಾನೆ.

ನಾನು ಬ್ಲೌಸು ಹೊಲಿಯುವವಳು.
ಹಬ್ಬದ ತಿಂಗಳು ರಾತ್ರಿ ಎರಡಾದರೂ ಮೆಷಿನ್ ತುಳಿಯುತ್ತಿರುತ್ತೇನೆ.
ಹಾಗಾಗಿ ಅವನ ಸದ್ದು ನನಗೇ ಹೆಚ್ಚು ಗೊತ್ತು.
ಮೊದಲು ನಾಯಿಗಳು ಸುಮ್ಮನಾಗುತ್ತವೆ.
ಬೊಗಳಿದರೆ ಕಳ್ಳ; ಬೊಗಳದಿದ್ದರೆ ಅವನು.
ಆಮೇಲೆ ಸಿಮೆಂಟಿನ ಮೇಲೆ ಉಗುರು,
ಯಾರೋ ನಿಧಾನ ಕಾಯಿ ತುರಿದ ಹಾಗೆ.
ಆಮೇಲೆ ಆ ಹೀರು.
ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಸೆಳೆಯುವ ಹೀರು,
ಬೋರು ಬತ್ತಿದಾಗ ಮೋಟರು ಗಾಳಿ ಎಳೆಯುತ್ತದಲ್ಲ, ಅದೇ.
ನಾನು ತುಳಿಯುವುದು ನಿಲ್ಲಿಸಿದರೆ
ಅವನೂ ನಿಲ್ಲಿಸುತ್ತಾನೆ.
ತುಳಿದರೆ, ಹೀರುತ್ತಾನೆ.
ಇಬ್ಬರದೂ ನೈಟ್ ಶಿಫ್ಟು.

ಪಂಚಮಿಯ ಬೆಳಗ್ಗೆ
ಮೂಲೆ ಸೈಟಿನ ಹುತ್ತಕ್ಕೆ ಹಾಲೆರೆಯಲು ಹೋದರೆ
ಹುತ್ತವೇ ಇಲ್ಲ.
ಹಳ್ಳ, ಕೆದರಿದ ಕೆಂಪುಮಣ್ಣು,
ಹೋದ ವರ್ಷದ ಅರಿಶಿನ ಅಂಟಿದ ಒಂದು ಹೆಂಟೆ.
ತಂಬಿಟ್ಟಿನ ತಟ್ಟೆಗಳು ನಿಂತಲ್ಲೇ ನಿಂತವು.
"ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯ್ತಲ್ರೀ" ಎಂದಳು ಯಾರೋ,
ಅಂದಮೇಲೆ ಅವಳಿಗೇ ಹೊಳೆಯಿತು ಅಂದದ್ದೇನೆಂದು.
ನಗು ತಡೆಯಲಾಗಲಿಲ್ಲ ಯಾರಿಗೂ.
ರಿಟೈರಾದ ಮೇಷ್ಟ್ರು ಚೆಲುವಯ್ಯ ಮಾತ್ರ
"ಅದು ಪ್ರಾಣಿಯಲ್ಲಮ್ಮ, ಕರಡೆ ಅಂತ ಒಂದು ವಾದ್ಯ" ಎಂದು
ಹೆಂಟೆಗಳ ನಡುವೆ ನಿಂತು ಪಾಠ ಮಾಡಿದರು.
ಪುಟ್ಟಗೌರಮ್ಮ ಹಾಲನ್ನು ಹಳ್ಳಕ್ಕೇ ಸುರಿದಳು.
"ಯಾರ ಹೊಟ್ಟೆಗಾದರೂ ಹೋಗಲಿ."

ಚಿಕ್ಕಂದಿನಲ್ಲಿ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದೆನಂತೆ.
ಕಲಾಸಿಪಾಳ್ಯದ ನಮ್ಮ ಗಲ್ಲಿಗೆ ಕರಡಿಯವರು ಬಂದಾಗ
ಅವ್ವ ನಾಲ್ಕಾಣೆ ಕೊಟ್ಟು
ಅದರ ಬೆನ್ನ ಮೇಲೆ ಕೂರಿಸಿದ್ದಳು.
ಬಿಸಿ ಬೆನ್ನು. ಒದ್ದೆ ಕಂಬಳಿಯ ವಾಸನೆ.
ಒಂದು ಕೂದಲು ಕಿತ್ತು, ತಗಡಿನಲ್ಲಿ ಮಡಿಸಿ,
ಕರಿದಾರದಲ್ಲಿ ಕೊರಳಿಗೆ ಕಟ್ಟಿದರು.
ಕಿತ್ತಾಗ ಅದು ಏನೂ ಅನ್ನಲಿಲ್ಲ.
ಆ ತಾಯತ ಹತ್ತು ವರ್ಷ ನನ್ನ ಕಾದಿತು,
ಯಾವುದರಿಂದ ಅಂತ ಯಾರೂ ಹೇಳಲಿಲ್ಲ.

ಅಂಥ ಕರಡಿಯವರ ಮೊಮ್ಮಗ
ಹಿಂದಿನ ಬೀದಿಯಲ್ಲೇ ಇದ್ದಾನೆ. ಹಯಾತ್.
ಬೀದಿದೀಪ ರಿಪೇರಿಯವನು.
ಕಾರ್ತಿಕದ ಒಂದು ರಾತ್ರಿ
ಕಾಡಿನವನು ರಸ್ತೆಯ ನಡುವೆಯೇ ಕೂತುಬಿಟ್ಟಾಗ
ತಟ್ಟೆ ಬಡಿದರು, ಟಾರ್ಚು ಬಿಟ್ಟರು, ಮೊಬೈಲು ಎತ್ತಿದರು.
ಅರಣ್ಯ ಇಲಾಖೆಯವರು "ಹೊರಟಿದ್ದೀವಿ" ಅಂದು ಒಂದು ಗಂಟೆಯಾಗಿತ್ತು.
ಯಾರೋ ಹಯಾತ್ ಮನೆಯ ಬಾಗಿಲು ತಟ್ಟಿ
"ನಿಮ್ಮ ತಾತನ ವಿದ್ಯೆಯಲ್ಲವಾ, ಬಾರಪ್ಪ" ಅಂದರು.

ಲುಂಗಿಯಲ್ಲೇ ಬಂದ. ಬರಿಗಾಲು.
ಕೋಲು ತರಲಿಲ್ಲ, ಡಮರು ತರಲಿಲ್ಲ.
ಕಂಬದ ಪೆಟ್ಟಿಗೆ ತೆಗೆದು
ಇಡೀ ಬೀದಿಯ ದೀಪ ಆರಿಸಿದ.

ಕತ್ತಲಿಗೆ ಕಣ್ಣು ಹೊಂದಿಕೊಂಡಾಗ
ಎದೆಯ ಬಿಳಿ ಪಟ್ಟಿಯೊಂದು ಎದ್ದು,
ಗಾಳಿಯನ್ನು ಎರಡು ಸಲ ಮೂಸಿ,
ಅವನ ಪಕ್ಕದಲ್ಲೇ ಹಾದು
ಲಂಟಾನದೊಳಕ್ಕೆ ಹೋಯಿತು.

ಹಯಾತ್ ಬಹಳ ಹೊತ್ತು ಪೆಟ್ಟಿಗೆಯ ಹತ್ತಿರವೇ ನಿಂತಿದ್ದ.
"ಅಕ್ಕ, ಮೂಗು ನೋಡಿದಿರಾ?"
ತನ್ನ ಮೂಗನ್ನೇ ಮುಟ್ಟಿಕೊಂಡ.
"ತೂತಿಲ್ಲ."

ದೀಪ ಬಂತು.
ಒಳಗೆ ಹೋಗಿ ಮೆಷಿನ್ ಮುಂದೆ ಕೂತೆ.
ಸೂಜಿಯ ಕಣ್ಣಿಗೆ ದಾರ ಪೋಣಿಸಲು
ಆ ರಾತ್ರಿ ಕೈ ಬರಲಿಲ್ಲ.
ಬೆಳಗ್ಗೆ ಒಂಬತ್ತಕ್ಕೆ ಕೊಡಬೇಕಿತ್ತು ಆ ಬ್ಲೌಸು.