ಎಳೆಪಾಕ

ಅಗಾರಿನ ತಟ್ಟೆಯ ಗುಲಾಬಿ ಲೋಳೆಗೆ
ಲೂಪು ಮುಟ್ಟಿಸಿ ಮೇಲೆತ್ತಿದೆ.
ಎದ್ದಿತು ಒಂದು ಎಳೆ,
ಬೆರಳಗಲ, ಆಮೇಲೆ ಇನ್ನಷ್ಟು,
ಹರಿಯದೆ, ಟ್ಯೂಬ್‌ಲೈಟಿಗೆ ಹೊಳೆಯುತ್ತ.

ಪಾಕ ಬಂತು, ಅಂದೆ. ಯಾರೂ ಕೇಳಲಿಲ್ಲ.
ಬಾಗಲಕೋಟೆಯ ದವಾಖಾನೆಯ ನೆಲಮಾಳಿಗೆಯಲ್ಲಿ
ಸಂಜೆ ಐದರ ಮೇಲೆ ಫ್ರಿಜ್ಜಿನ ಗೊರಕೆಯೊಂದೇ.

ಚೀಟಿಯ ಮೇಲೆ: ಗೈಬುಸಾಬ, ಐವತ್ತೊಂದು, ಮುಧೋಳ ತಾಲೂಕು.
ಮೂಗಿನೊಳಗಿಂದ ಕತ್ತರಿಸಿದ ಚೂರು, ಹೆಸರುಕಾಳಿನಷ್ಟು.
ಉದ್ಯೋಗದ ಮುಂದೆ ಯಾರೋ ಕೂಲಿ ಎಂದು ಬರೆದಿದ್ದರು.
ಅವನೇ ಹೊಡೆಸಿಹಾಕಿ ಬರೆಸಿದ್ದ:
ಬೆಲ್ಲದ ಗಾಣ, ಪಾಕ ನೋಡಾಂವ.

"ಕುದಿಯೋ ರಸ ಕಣ್ಣಿಗೆ ಸುಳ್ಳ ಹೇಳತೈತ್ರಿ ಅಕ್ಕಾರ,
ಮೂಗಿಗೆ ಹೇಳಾಕ ಬರೂದಿಲ್ಲ.
ಹ್ವಾದ ಹಂಗಾಮಿನ್ಯಾಗ ಎರಡ ಕೊಪ್ಪರಿಗಿ ಸೀದು ಕರ್ರಗಾದುವು.
ನಾ ಅಲ್ಲೇ ನಿಂತಿದ್ದೆ."

ನಾಲ್ಕು ವರ್ಷ ನೆಗಡಿ ಅಂದಿದ್ದರು, ಅಲರ್ಜಿ ಅಂದಿದ್ದರು,
ಒಬ್ಬರು ಟಿಬಿ ಅಂದು ಆರು ತಿಂಗಳು ಮಾತ್ರೆ ನುಂಗಿಸಿದ್ದರು.
ಅಷ್ಟರಲ್ಲಿ ಮೂಗು ಅಚ್ಚಿನೊಳಗಿನ ಬೆಲ್ಲದಂತೆ ಬಿರುಸಾಯಿತು,
ದನಿ ಒಡೆಯಿತು,
ಉಸಿರಿಗೊಂದು ಸೀಟಿ ಬಂತು.

ರೈನೋಸ್ಕ್ಲಿರೋಮಾ.
ನಮ್ಮ ಪುಸ್ತಕದಲ್ಲಿ ಒಂದೇ ಪ್ಯಾರಾ ಇದ್ದ ಹೆಸರು,
ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಬಿಟ್ಟಿದ್ದ ಪ್ಯಾರಾ.
ಕಪ್ಪು ಮಸಿಯ ನಡುವೆ ಒಂದೊಂದು ಜೀವಾಣುವೂ
ತನ್ನದೇ ಅಂಟಿನ ಕಂಬಳಿ ಹೊದ್ದು ಕೂತಿತ್ತು.

ಬೆಳಗ್ಗೆ ಒಂದು, ರಾತ್ರಿ ಒಂದು, ತಿಂಗಳುಗಟ್ಟಲೆ.
ಹಾಲಿನ ಜೊತೆ ಬೇಡ. ಬಿಸಿಲಿಗೆ ಹುಷಾರು.
ಗಾಣದವನಿಗೆ ಬಿಸಿಲಿಗೆ ಹುಷಾರು ಅನ್ನುವುದು!
ಮಾಲನಬಿ ಖಾಲಿ ಪಟ್ಟಿಗಳನ್ನು ದಾರಕ್ಕೆ ಪೋಣಿಸಿ
ಬಾಗಿಲ ಹಿಂದೆ ತೂಗುಹಾಕಿ ಲೆಕ್ಕ ಇಟ್ಟಳು.

ಏಳನೆಯ ತಿಂಗಳು ಮರುಪರೀಕ್ಷೆಗೆ ಬಂದ.
ಕಿಟಕಿಯಾಚೆ ಬೆಂಚಿನ ಮೇಲೆ ಕೂತ.
ಒಳಕೋಣೆಯಲ್ಲಿ ಆಟೋಕ್ಲೇವ್ ಹಳೆಯ ತಟ್ಟೆಗಳನ್ನು ಬೇಯಿಸುತ್ತಿತ್ತು.
ತಟ್ಟನೆ ತಲೆ ಎತ್ತಿದ, ಹೊಳ್ಳೆ ಅರಳಿ ಮುಖ ಕಿವುಚಿತು:
"ಅಕ್ಕಾರ, ಒಲಿ ಮ್ಯಾಲ ಏನ ಇಟ್ಟೀರಿ? ಅಡಿ ಹಿಡದೈತಿ!"

ಓಡಿದೆ. ನೀರು ಬತ್ತಿ ತಳ ಕಾದಿತ್ತು.
ಸ್ವಿಚ್ಚು ಆರಿಸಿ ಅಲ್ಲೇ ನಿಂತೆ.
ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ,
ನನಗೆ ಏನೂ ವಾಸನೆ ಬಡಿದಿರಲಿಲ್ಲ.

ಬೆಳವಣಿಗೆ ಇಲ್ಲ ಎಂದು ಬರೆಯುವುದು ಎರಡು ದಿನದ ಮೇಲಿನ ಮಾತು.
ಮಾತ್ರೆ ಬಿಡಬೇಡಿ ಎನ್ನಲು ಹೊರಗೆ ಬಂದೆ.
ಅವನಿಗೆ ಕೇಳಿಸಿಕೊಳ್ಳುವ ಪುರುಸೊತ್ತಿರಲಿಲ್ಲ.
ಕಣ್ಣು ಮುಚ್ಚಿ, ಫಿನಾಯಿಲು, ಅಂದ.
ಸ್ಪಿರಿಟ್ಟು. ಯಾರದೋ ತಲೆಯ ಕೊಬ್ಬರಿ ಎಣ್ಣೆ.
ಮತ್ತ ಇದ್ಯಾವುದ್ರಿ?