ಕ್ಯಾಂಪ್ ಬಾಸ್‌ನ ಹಾಜರಿ

ಮುಸಫ್ಫಾದ ಈ ಗೇಟಿನೊಳಗೆ ನನ್ನ ಹೆಸರು ಕ್ಯಾಂಪ್ ಬಾಸ್.
ಹೆತ್ತವರಿಟ್ಟ ಹೆಸರು ಗುರುತಿನ ಚೀಟಿಯಲ್ಲಿದೆ,
ಹನ್ನೊಂದು ವರ್ಷ ಯಾರೂ ಕರೆದಿಲ್ಲ.
ಆರುನೂರ ನಲವತ್ತು ಮಂಚ, ಒಂದರ ಮೇಲೊಂದು;
ರಾತ್ರಿ ಹತ್ತಕ್ಕೆ ತಲೆ ಎಣಿಸಿ ಬರೆಯುವುದು ಕೆಲಸ.

ಕ್ಯಾಂಪು ನನಗೆ ಹೊಸ ಮಾತಲ್ಲ.
ಹುಟ್ಟಿದ್ದೇ ಸಿಂಧನೂರಿನಾಚೆ, ತೂಬಿನ ಪಕ್ಕದ ಕ್ಯಾಂಪಿನಲ್ಲಿ.
ಕಾಲುವೆಗೆ ನೀರು ಬಂತೆಂದು ಗೋದಾವರಿ ಕಡೆಯಿಂದ
ಎತ್ತು, ಬಿತ್ತನೆ ಭತ್ತ, ಉಪ್ಪಿನಕಾಯಿ ಜಾಡಿ ಹೇರಿಕೊಂಡು ಬಂದ ಅಜ್ಜ
ಎರಡು ವರ್ಷಕ್ಕೆಂದು ಗುಡಿಸಲು ಹಾಕಿದ ಜಾಗ.
ಮನೆಯಲ್ಲಿ ತೆಲುಗು, ಬಯಲಲ್ಲಿ ಕನ್ನಡ.
ಸಿಮೆಂಟಿನ ಗೋಡೆ ಬಂತು, ಶಾಲೆ ಬಂತು,
ಸುಡುಗಾಡೂ ಆಯಿತು, ಅಜ್ಜ ಅಲ್ಲೇ ಇದ್ದಾನೆ.
ಬಸ್ಸಿನ ಕಂಡಕ್ಟರ್ ಇವತ್ತಿಗೂ ಕೂಗುವುದು
'ಕ್ಯಾಂಪ್, ಕ್ಯಾಂಪ್, ಇಳೀರಿ.'
ಯಾರೂ ಅದನ್ನು ಊರು ಅನ್ನಲಿಲ್ಲ.

ಪೈಪಿನ ಬೆಸುಗೆ ನೋಡಲು ಬಂದ ಜಾಂಪಿಯೆರೊ
ಒಂದು ಸಂಜೆ ಸುಲೈಮಾನಿ ಚಹಾ ಊದುತ್ತ ಹೇಳಿದ:
ನಿನ್ನ ಬೋರ್ಡಿನ ಮೇಲಿರುವುದು ನಮ್ಮ ಹೊಲ, ಗೊತ್ತೇ?
ಕಾಂಪೊ. ಅಪ್ಪ ಅದರಲ್ಲಿ ಮೆಕ್ಕೆಜೋಳ ಹಾಕುತ್ತಿದ್ದ.
ಲ್ಯಾಟಿನ್ನಿನಲ್ಲಿ ಅದರ ಮುತ್ತಜ್ಜಿ ಕಾಂಪುಸ್. ಬಯಲು, ಅಷ್ಟೆ.
ಸಿಪಾಯಿಗಳು ಬಂದು ಡೇರೆ ಹೊಡೆದರು, ಕ್ಯಾಂಪಾಯಿತು.
ಹುಡುಗರು ಬಂದು ಪುಸ್ತಕ ಬಿಚ್ಚಿದರು, ಕ್ಯಾಂಪಸ್ಸು.

ಕ್ರೇನಿನ ದೊರಿನ್ ತುಟಿ ಬಿಗಿದು ಏನೋ ಅಂದ,
ನಮ್ಮ ಕಾಗುಣಿತಕ್ಕೆ ಸಿಕ್ಕದ ಸ್ವರ;
ರೊಮೇನಿಯದಲ್ಲೂ ಅದು ಹೊಲವೇ, ಹಿಮ ಕರಗುವ ಹೊಲ.
ಸುರಕ್ಷತೆಯ ಡೆಟ್ಲೆಫ್ ಹೆಲ್ಮೆಟ್ಟು ತೆಗೆಯದೆಯೇ:
ಜರ್ಮನಿಯಲ್ಲಿ ಅದು ಕಾಂಪ್ಫ್. ಕಾಳಗ.
ಬಯಲು ಕಂಡರೆ ನಮ್ಮವರಿಗೆ ಬೇರೇನೂ ನೆನಪಾಗಲಿಲ್ಲ.
ಅಡುಗೆಯ ಕ್ರಾಸ್ತಾ ಸಾಹೇಬರ ಮೆಸ್ಸಿನಿಂದ
ಅಣಬೆ ಡಬ್ಬಿ ತಂದ: ಇದರ ಮೇಲೂ ಅದೇ ಇದೆಯಲ್ಲ?
ಇದೆ. ಶಾಂಪಿನ್ಯೋಂ. ಫ್ರೆಂಚರ ಹೊಲದಲ್ಲೆದ್ದದ್ದು.
ಒಂದೇ ರಾತ್ರಿಗೆ ಏಳುವುದು, ಬೇರಿಲ್ಲದೆ.
ನಾನು ಮಂಚಗಳ ಸಾಲು ನೋಡಿದೆ.

ಕಳೆದ ಗುರುವಾರ ಎರಡುನೂರ ಹದಿನಾಲ್ಕನೇ ಮಂಚ ಖಾಲಿ.
ಖಗೇಂದ್ರ, ನೇಪಾಳದ ಧಾದಿಂಗಿನವನು, ಅಟ್ಟಣಿಗೆ ಕಟ್ಟುವವ.
ನಾಲ್ಕು ತಿಂಗಳ ಸಂಬಳ ಬಾಕಿ.
ಪಾಸ್‌ಪೋರ್ಟು ಆಫೀಸಿನ ಕಪಾಟಿನಲ್ಲಿ,
ಕಪಾಟಿನ ಕೀಲಿಕೈ ನನ್ನ ಸೊಂಟದಲ್ಲಿ.
ಚಪ್ಪಲಿ ಇದೆ. ದಿಂಬಿನಡಿ, ಮಗಳ ಹಾಲುಹಲ್ಲು
ಸುತ್ತಿಟ್ಟ ಕಾಗದ ಇಲ್ಲ.

ನಮೂನೆಯಲ್ಲಿ ಎರಡೇ ಮನೆ: ಹಾಜರ್, ಪರಾರಿ.
ಎರಡನೆಯದರಲ್ಲಿ ಗೀಟು ಬಿದ್ದರೆ
ಬೆಳಗಾಗುವುದರೊಳಗೆ ಪೊಲೀಸರ ಪಟ್ಟಿ.
ಜಾಂಪಿಯೆರೊ ನನ್ನ ಪೆನ್ನನ್ನೇ ನೋಡುತ್ತ ನಿಂತ.
ಆ ಮನೆತನದಲ್ಲಿ ಇನ್ನೊಂದು ಮಾತಿದೆ, ಅಂದ. ಸ್ಕಾಂಪಾರೆ.
ಕಾಳಗದ ಬಯಲಿನಿಂದ ಹೊರಬೀಳುವುದು.
ಓಡಿಹೋದವನಿಗೂ ಅದೇ, ಬದುಕಿ ಉಳಿದವನಿಗೂ ಅದೇ.
ದೋಣಿ ಮುಳುಗಿ ದಡ ಮುಟ್ಟಿದವನನ್ನು ಅಮ್ಮ
ಸ್ಕಾಂಪಾತೊ ಅನ್ನುತ್ತಿದ್ದಳು, ಎದೆಗೆ ಶಿಲುಬೆ ಎಳೆದುಕೊಂಡು.
ಇಷ್ಟು ಹೇಳಿ ಲೋಟ ಇಟ್ಟು ಹೋದ.
ಅವನಿಗೇನು, ಇನ್ನೆರಡು ವಾರಕ್ಕೆ ವಿಮಾನ.

ಕುಳಿತೆ. ಎಸಿ ಗೊರಗುಟ್ಟಿತು.
ನಮ್ಮ ಕ್ಯಾಂಪಿನಲ್ಲಿ ಸಾಲ ಕೇಳಲು, ಜಗಳ ತೆಗೆಯಲು
ನಸುಕಿಗೇ ಯಾರಾದರೂ ಅಜ್ಜನನ್ನು ಹುಡುಕಿ ಬಂದರೆ
ಅಜ್ಜಿ ತಂಬಿಗೆಯ ಜಾಗ ನೋಡಿ ಒಂದೇ ಮಾತು ಹೇಳುತ್ತಿದ್ದಳು.
ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ, ಅಷ್ಟು ಸಾಕಿತ್ತು.
ಎಲ್ಲಿ, ಯಾವಾಗ ಬರ್ತಾನೆ ಎಂದು ಯಾರೂ ಕೆದಕುತ್ತಿರಲಿಲ್ಲ.

ಎರಡೂ ಮನೆ ಖಾಲಿ ಬಿಟ್ಟು, ಷರಾ ಕಾಲಮ್ಮಿನಲ್ಲಿ
ಇಲ್ಲಿ ಯಾರಿಗೂ ಓದಲು ಬಾರದ ಲಿಪಿಯಲ್ಲಿ ಬರೆದೆ:
೨೧೪. ಬಯಲಕಡೆ ಹೋಗ್ಯಾನ.

ಶುಕ್ರವಾರವೂ ಅದನ್ನೇ ಬರೆದೆ.
ಶನಿವಾರ ಮ್ಯಾನೇಜರ್ ಬೆರಳಿಟ್ಟು ಕೇಳಿದ, ಇದೇನು?
ಹಾಜರಿ, ಅಂದೆ.